ಎರಡು ಗಾಜುಗಳ ನಡುವಣ ಮಂಜು

ಕಳೆದ ಮಳೆಗಾಲದಲ್ಲಿ ಯಾಣವನ್ನು ನೋಡಬೇಕೆಂಬ ಹಂಬಲದಿಂದ ನಾವು ಮಂಗಳೂರಿನಿಂದ ಕುಮಟೆಗೆ ರೈಲಿನಲ್ಲಿ ಹೊರಟೆವು. ‘ಸೊಕ್ಕಿದ್ದವನು ಯಾಣಕ್ಕೆ, ರೊಕ್ಕವಿದ್ದವನು ಗೋಕರ್ಣಕ್ಕೆ’ ಎಂದು ಆ ಸೀಮೆಯಲ್ಲೊಂದು ಗಾದೆಯುಂಟು. ನಮ್ಮಲ್ಲಿ ಸೊಕ್ಕಿಗೆ ಕೊರತೆಯಿರಲಿಲ್ಲ. ಹವಾನಿಯಂತ್ರಿತ ಡಬ್ಬಿಯ ಟಿಕೀಟು ಕೊಳ್ಳುವಷ್ಟು ರೊಕ್ಕವೂ ಇದ್ದಿತು. ಆದರೆ ಭಟ್ಕಳ, ಮುರ್ಡೇಶ್ವರಗಳನ್ನು ದಾಟಿ, ಹೊನ್ನಾವರದಲ್ಲಿ ಶರಾವತಿಯ ಮೇಲೆ ಎರಡು ಕಿಲೋಮೀಟರಿಗೂ ಮಿಕ್ಕ ಉದ್ದದ ಸೇತುವೆಯನ್ನು ಗಾಡಿ ಏರಿದಾಗ, ಹೊಳೆಯೂ ಕಾಣಲಿಲ್ಲ, ಕಡಲೂ ಕಾಣಲಿಲ್ಲ. ಕಿಟಕಿಯ ತುಂಬ ಬಿಳಿಯ ಮಬ್ಬು ಕವಿದಿತ್ತು.

ಎದುರಿಗೆ ಕುಳಿತಿದ್ದ ಕಾಲೇಜು ಹುಡುಗನೊಬ್ಬನು ಕರವಸ್ತ್ರದಿಂದ ಗಾಜನ್ನು ಒರಸಿದನು. ಮಬ್ಬು ಹೋಗಲಿಲ್ಲ. ಹೊನ್ನಾವರದ ನಿಲ್ದಾಣದಲ್ಲಿ ಕೆಳಗಿಳಿದು ಹೊರಗಿನಿಂದಲೂ ಒರಸಿ ಬಂದನು. ಆಗಲೂ ಹೋಗಲಿಲ್ಲ. “ಒಳಗೂ ಇಲ್ಲ, ಹೊರಗೂ ಇಲ್ಲ. ಹಾಗಾದರೆ ಈ ನೀರು ಇರುವುದೆಲ್ಲಿ?” ಎಂದು ಆತನು ಕೇಳಿದನು. ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರವನ್ನು ನಾವು ಮಾರನೆಯ ದಿನ, ಯಾಣದ ದಾರಿಯಲ್ಲಿರುವ ಪರಿಚಿತರೊಬ್ಬರ ಮನೆಯಲ್ಲಿ, ಕೈಯಿಂದ ಮುಟ್ಟಿ ನೋಡುವ ಸಂದರ್ಭ ಒದಗಿತು.

ಈ ಪರಿಚಿತರು ನಿವೃತ್ತ ಮಾಸ್ತರರು. ಹಳೆಯ ಪುಸ್ತಕಗಳನ್ನು ಕೂಡಿಡುವುದು ಅವರ ಹವ್ಯಾಸ. ಆ ಸೀಮೆಯ ಮಳೆಗಾಲದಲ್ಲಿ ಪುಸ್ತಕಕ್ಕೆ ಬೂಸು ಹಿಡಿಯದಿರುವುದು ಕಷ್ಟ. ಆದಕಾರಣ ಒಂದು ಕೋಣೆಗೆ ತಂಪುಯಂತ್ರವನ್ನು ಹಾಕಿಸಿ, ತಂಪು ಸೋರಿಹೋಗದಿರಲೆಂದು ಜೋಡಿಗಾಜಿನ ಕಿಟಕಿಯನ್ನು ಬೆಂಗಳೂರಿನಿಂದ ತರಿಸಿದ್ದರು. ಆರು ವರ್ಷ ಅದು ಚೆನ್ನಾಗಿತ್ತು. ಈಗ ಅದರ ನಡುವೆಯೂ ರೈಲಿನಲ್ಲಿ ಕಂಡಂಥ ಮಬ್ಬೇ ಕವಿದಿತ್ತು. “ಕಿಟಕಿಯನ್ನೇ ಕಿತ್ತು ಹೊಸದು ಹಾಕಿಸಬೇಕೆಂದು ಅಂಗಡಿಯವರು ಹೇಳುತ್ತಾರೆ. ಗೋಡೆ ಒಡೆಯಬೇಕಂತೆ. ನೀವೇನು ಹೇಳುತ್ತೀರಿ?” ಎಂದು ಮಾಸ್ತರರು ಕೇಳಿದರು.

ಉತ್ತರ ಹೇಳುವ ಮೊದಲು ಆ ಕಿಟಕಿಯ ರಚನೆಯನ್ನು ತಿಳಿಯಬೇಕು. ಗಾಜಿನ ಮೂಲಕ ಶಾಖವು ಸುಲಭವಾಗಿ ಹಾಯುತ್ತದೆ; ನಿಶ್ಚಲವಾದ ಗಾಳಿಯ ಮೂಲಕ ಅದರ ನಲವತ್ತನೆಯ ಒಂದು ಪಾಲಿನಷ್ಟು ಮಾತ್ರ. ಎರಡು ಗಾಜುಗಳ ನಡುವೆ ಒಂದು ಪದರ ಗಾಳಿಯನ್ನು ಸೆರೆಹಿಡಿದರೆ ಶಾಖದ ಹಾದಿಗೆ ತಡೆಯುಂಟಾಗುತ್ತದೆ ಎಂಬ ಯುಕ್ತಿಗೆ ಅಮೆರಿಕದಲ್ಲಿ ಥಾಮಸ್ ಸ್ಟೆಟ್ಸನ್ ಎಂಬಾತನು 1865ರಲ್ಲೇ ಪೇಟೆಂಟನ್ನು ಪಡೆದನು. ನಡುವಣ ಎಡೆಯು ಸಾಮಾನ್ಯವಾಗಿ 12ರಿಂದ 16 ಮಿಲಿಮೀಟರ್. ಅದಕ್ಕಿಂತ ಬಹಳ ಹೆಚ್ಚಿಸಿದರೆ ಒಳಗಿನ ಗಾಳಿಯೇ ಸುತ್ತಲಾರಂಭಿಸಿ ಶಾಖವನ್ನು ಹೊತ್ತೊಯ್ಯುತ್ತದೆ, ಲಾಭವಿಲ್ಲ. ಒಂಟಿಗಾಜಿಗೆ ಹೋಲಿಸಿದರೆ ಇಂಥ ಜೋಡಿಯ ಮೂಲಕ ಹಾಯುವ ಶಾಖವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ.

ಇನ್ನು ಅಂಚುಗಳು. ಎರಡು ಗಾಜುಗಳ ನಡುವೆ ನಾಲ್ಕೂ ಕಡೆ ಟೊಳ್ಳಾದ ಅಲ್ಯೂಮಿನಿಯಂ ಪಟ್ಟಿಯನ್ನಿರಿಸಿ, ಅದರ ಎರಡು ಮಗ್ಗುಲಿಗೂ ಬ್ಯುಟೈಲ್ ಎಂಬ ಕಪ್ಪು ಅಂಟನ್ನು ಹಚ್ಚುತ್ತಾರೆ. ನೀರಾವಿಯನ್ನು ತಡೆಯುವುದು ಇದರ ಕೆಲಸ. ಅದರ ಹೊರಗೆ ಸಿಲಿಕೋನ್ ಅಥವಾ ಪಾಲಿಸಲ್ಫೈಡಿನ ದಪ್ಪ ಅಂಟು. ಜೋಡಿಯನ್ನು ಬಿಗಿಯಾಗಿ ಹಿಡಿದಿಡುವುದು ಇದರ ಕೆಲಸ. ಟೊಳ್ಳುಪಟ್ಟಿಯೊಳಗೆ ಸಾಸಿವೆಯಷ್ಟು ದೊಡ್ಡ ಮಣಿಗಳನ್ನು ತುಂಬಿರುತ್ತಾರೆ. ಅವು ಜಿಯೋಲೈಟ್ ಎಂಬ ಖನಿಜಜಾತಿಗೆ ಸೇರಿದವು. ಅವುಗಳ ಮೈಯಲ್ಲಿನ ರಂಧ್ರಗಳು ಎಷ್ಟು ಕಿರಿದೆಂದರೆ, ನೀರಿನ ಅಣು ಒಳಹೋಗಬಲ್ಲುದು, ಅದಕ್ಕಿಂತ ದೊಡ್ಡದಾದ ಸಾರಜನಕದ ಅಣು ಹೋಗಲಾರದು. ಪಟ್ಟಿಯ ಒಳಮುಖದಲ್ಲಿನ ಸೂಜಿತೂತುಗಳ ಮೂಲಕ ಈ ಮಣಿಗಳು ಎಡೆಯ ಗಾಳಿಯಲ್ಲಿನ ನೀರಾವಿಯನ್ನೆಲ್ಲ ಹೀರಿ ಅದನ್ನು ಒಣಗಿಸಿಡುತ್ತವೆ. ಹೀರಿ ಹೀರಿ ಮಣಿಗಳಿಗೆ ಹೊಟ್ಟೆ ತುಂಬಿತೆಂದರೆ ಜೋಡಿಯ ಆಯುಸ್ಸು ಮುಗಿಯಿತು. ಕಿಟಕಿಯ ನಡುವೆ ಕಾಣುವ ಮಂಜು ಅದರ ಮರಣಪತ್ರ.

ಎಷ್ಟು ನೀರು ಸೇರಿದರೆ ಹೀಗಾಗುತ್ತದೆಂಬ ಲೆಕ್ಕವು ಸೋಜಿಗದ್ದು. ಒಂದು ಘನ ಮೀಟರ್ ಗಾಳಿಯಲ್ಲಿ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಹೆಚ್ಚೆಂದರೆ 30 ಗ್ರಾಂ ನೀರಾವಿ ಇರಬಲ್ಲುದು. 20 ಡಿಗ್ರಿಯಲ್ಲಿ 17 ಗ್ರಾಂ. 10 ಡಿಗ್ರಿಯಲ್ಲಿ 9 ಗ್ರಾಂ. 0 ಡಿಗ್ರಿಯಲ್ಲಿ 5 ಗ್ರಾಮಿಗೂ ತುಸು ಕಡಿಮೆ. ಗಾಳಿ ತಣಿದಂತೆ ಈ ಮಿತಿಯನ್ನು ಮೀರಿದ ಆವಿಯು ಹನಿಗಟ್ಟಲೇಬೇಕು. ಹಾಗೆ ಹನಿಗಟ್ಟತೊಡಗುವ ಉಷ್ಣತೆಗೆ ಇಬ್ಬನಿಯ ಬಿಂದು ಎಂದು ಹೆಸರು. ತಣ್ಣೀರಿನ ಲೋಟದ ಹೊರಮೈ ಬೆವರುವುದು ಇದರಿಂದಲೇ. ಈಗ ಒಂದು ಚದರ ಮೀಟರಿನ ಜೋಡಿಗಾಜನ್ನು ತೆಗೆದುಕೊಳ್ಳೋಣ. ಎಡೆ 12 ಮಿಲಿಮೀಟರ್ ಆದರೆ ಒಳಗಿರುವ ಗಾಳಿ 12 ಲೀಟರ್. ಮಳೆಗಾಲದ 27 ಡಿಗ್ರಿಯಲ್ಲಿ ಈ ಗಾಳಿ ಆವಿಯಿಂದ ಪೂರ್ತಿ ತುಂಬಿದ್ದರೂ ಅದರಲ್ಲಿರುವ ನೀರು ಒಂದು ಗ್ರಾಮಿನ ಮೂರನೆಯ ಒಂದು ಪಾಲನ್ನು ಮುಟ್ಟದು. ಕೋಣೆಯ ಕಡೆಯ ಗಾಜು 24 ಡಿಗ್ರಿಗೆ ತಣಿದರೆ ಅದರಲ್ಲಿ ಹನಿಗಟ್ಟುವುದು ಸುಮಾರು ಇಪ್ಪತ್ತನೆಯ ಒಂದು ಗ್ರಾಂ, ಎಂದರೆ ಒಂದೇ ಒಂದು ಹನಿ. ಇಡೀ ಕಿಟಕಿಯನ್ನು ಕುರುಡಾಗಿಸಲು ಅಷ್ಟು ಸಾಕು.

ಇಂಗ್ಲೆಂಡು, ಕೆನಡಗಳಲ್ಲಿ ನೆಲಸಿರುವ ಕನ್ನಡ ಕುಟುಂಬಗಳಿಗೆ ಜೋಡಿಗಾಜಿನ ಕಿಟಕಿಯೂ ಅದರ ಈ ರೋಗವೂ ಮನೆಮಾತು. ಆದರೆ ಅಲ್ಲಿಗೂ ನಮ್ಮ ಕರಾವಳಿಗೂ ಒಂದು ಅಂತರವುಂಟು. ಅಲ್ಲಿ ಚಳಿ ಹೊರಗೆ. ಮಂಜು ಕಟ್ಟುವುದು ಹೊರಗಾಜಿನ ಒಳಮೈಮೇಲೆ. ಇಲ್ಲಿ ತಂಪು ಕೋಣೆಯೊಳಗೆ. ಮಂಜು ಕಟ್ಟುವುದು ಒಳಗಾಜಿನ ಹಿಂಬದಿಯ ಮೇಲೆ. ಇದನ್ನು ಪರೀಕ್ಷಿಸುವುದು ಸುಲಭ. ಕೋಣೆಯೊಳಗೆ ನಿಂತು ಪೆನ್ಸಿಲಿನ ತುದಿಯನ್ನು ಗಾಜಿಗೆ ತಾಗಿಸಿ, ಓರೆಯಾಗಿ ನೋಡಬೇಕು. ಮಂಜಿನ ಪರೆಯು ಪೆನ್ಸಿಲಿನ ತುದಿಗೆ ಗಾಜಿನ ದಪ್ಪದಷ್ಟೇ ದೂರದಲ್ಲಿದ್ದರೆ ಅದು ಒಳಗಾಜಿನ ಮೇಲಿದೆ. ಹೆಬ್ಬೆರಳಿನ ಅಗಲದಷ್ಟು ಹಿಂದಕ್ಕಿದ್ದರೆ ಹೊರಗಾಜಿನ ಮೇಲೆ. ಮಾಸ್ತರರ ಮನೆಯಲ್ಲಿ ಅದು ನಾವು ನಿರೀಕ್ಷಿಸಿದಂತೆ ಒಳಗಾಜಿನ ಮೇಲೆಯೇ ಇದ್ದಿತು. ತಂಪುಯಂತ್ರವನ್ನು ನಿಲ್ಲಿಸಿದ ಅರ್ಧ ಗಂಟೆಯಲ್ಲಿ ಮಬ್ಬು ಮಾಯವಾಯಿತು. “ಗುಣವಾಯಿತೇ?” ಎಂದರು ಮಾಸ್ತರರು. ಇಲ್ಲ, ಆ ಹನಿ ಮತ್ತೆ ಆವಿಯಾಯಿತು, ಅಷ್ಟೆ. ಹೀಗೆ ವರ್ಷಗಟ್ಟಲೆ ಹನಿಗಟ್ಟಿ ಒಣಗಿದರೆ ನೀರು ಗಾಜಿನೊಳಗಣ ಸೋಡಿಯಮ್ಮನ್ನು ಎಳೆದುಕೊಂಡು, ತೊಳೆದರೂ ಹೋಗದ ಬಿಳಿಯ ಕಲೆಯನ್ನು ಉಳಿಸುತ್ತದೆ.

ಅಂಟಿನ ಬೇಲಿಯನ್ನು ದಾಟಿ ನೀರಾವಿಯು ಒಳನುಗ್ಗುವುದಾದರೂ ಹೇಗೆ? ಮೊದಲನೆಯ ಕಾರಣ, ಜೋಡಿಗಾಜು ಉಸಿರಾಡುತ್ತದೆ. ಬಿಸಿಲಿನಲ್ಲಿ ಎಡೆಯ ಗಾಳಿ 30 ಡಿಗ್ರಿಯಷ್ಟು ಹೆಚ್ಚು ಕಾದರೆ ಅದರ ಒತ್ತಡವು ಹತ್ತರಲ್ಲೊಂದು ಪಾಲು ಏರಲು ಯತ್ನಿಸುತ್ತದೆ. ಗಾಜು ಬಾಗದೆ ನಿಂತರೆ ಅದು ಪ್ರತಿ ಚದರ ಮೀಟರಿಗೆ ಸುಮಾರು 1000 ಕಿಲೋಗ್ರಾಂ ಭಾರಕ್ಕೆ ಸಮ! ಅದೃಷ್ಟವಶಾತ್ ಗಾಜು ಉಬ್ಬಿ ಈ ಭಾರವನ್ನು ಬಹುಮಟ್ಟಿಗೆ ಕಳೆದುಕೊಳ್ಳುತ್ತದೆ. ರಾತ್ರಿ ತಣಿದಾಗ ತಗ್ಗುತ್ತದೆ. ಈ ಉಬ್ಬುತಗ್ಗಿನ ಎಳೆದಾಟವನ್ನೆಲ್ಲ ಅಂಚಿನ ಅಂಟು ದಿನವೂ ತಾಳಬೇಕು. ಎರಡನೆಯದು, ನಮ್ಮ ಮಾಸ್ತರರಿಗೆ ಹೊಳೆದಿರದ ಸಂಗತಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಅಲ್ಲಿನ ವಾಯುವಿನ ಒತ್ತಡ ಕರಾವಳಿಯದಕ್ಕಿಂತ ಹತ್ತರಲ್ಲೊಂದು ಪಾಲು ಕಡಿಮೆ. ಅಲ್ಲಿ ಮುಚ್ಚಿದ ಜೋಡಿಯನ್ನು ಘಟ್ಟ ಇಳಿಸಿ ತಂದರೆ, ಹೊರಗಿನ ವಾಯುವು ಎರಡು ಗಾಜುಗಳನ್ನೂ ಒಳಕ್ಕೆ ಅದುಮುತ್ತದೆ. ನಡುವಿನಲ್ಲಿ ಎಡೆ ಕಿರಿದಾಗಿ ಅಂಚಿನ ಅಂಟು ತಿರುಚಿಕೊಳ್ಳುತ್ತದೆ. ತಯಾರಕರಿಗೆ ಇದು ಗೊತ್ತಿಲ್ಲದ ವಿಷಯವಲ್ಲ. ಎತ್ತರ ಬೇರೆಯಾದ ಊರಿಗೆ ಕಳಿಸುವ ಜೋಡಿಗೆ ಅಂಚಿನಲ್ಲೊಂದು ಕೂದಲಿನಂಥ ಕೊಳವೆಯನ್ನಿರಿಸಿ ಒತ್ತಡವನ್ನು ಸರಿದೂಗಿಸುವ ಪದ್ಧತಿಯುಂಟು. ಆದರೆ ಊರು ಯಾವುದೆಂದು ಕೊಳ್ಳುವವರು ಮೊದಲೇ ಹೇಳಬೇಕು.

ಇವೆರಡೂ ಇಲ್ಲದಿದ್ದರೂ ನೀರಾವಿಯು ಸುಮ್ಮನಿರದು. ಆವಿಯು ಹೆಚ್ಚಿರುವ ಕಡೆಯಿಂದ ಕಡಿಮೆಯಿರುವ ಕಡೆಗೆ ಅದು ತನ್ನಷ್ಟಕ್ಕೆ ತಾನೇ ಹರಡುತ್ತದೆ. ಕೆನಡದ ಚಳಿಗಾಲದ ಗಾಳಿಯಲ್ಲಿ ಘನ ಮೀಟರಿಗೆ 5 ಗ್ರಾಂ ಆವಿಯೂ ಇರುವುದಿಲ್ಲ. ಜುಲೈ ತಿಂಗಳ ಕುಮಟೆಯಲ್ಲಿ 25 ಗ್ರಾಂ ಇರುವುದು ಸಾಮಾನ್ಯ. ಶೀತದೇಶಕ್ಕಾಗಿ ಹುಟ್ಟಿದ ವಸ್ತುವಿಗೆ ಇಲ್ಲಿ ಐದು ಪಟ್ಟು ಶತ್ರುಗಳು.

ಆದರೆ ಮಾಸ್ತರರ ಕಿಟಕಿಯನ್ನು ಕೊಂದ ಅಪರಾಧಿ ಇನ್ನೂ ಹತ್ತಿರದಲ್ಲಿತ್ತು. ಚೌಕಟ್ಟಿನ ಕೆಳಪಟ್ಟಿಯಲ್ಲಿ ಮಳೆನೀರು ಹೊರಹೋಗಲು ಎರಡು ತೂತುಗಳಿರುತ್ತವೆ. ಎರಡರಲ್ಲೂ ಕುಂಬಾರ ಹುಳು ಮಣ್ಣಿನ ಗೂಡು ಕಟ್ಟಿತ್ತು. ಕಡ್ಡಿಯಿಂದ ತಿವಿದೊಡನೆ ಒಂದು ಲೋಟದಷ್ಟು ಕೊಳಕು ನೀರು ಹರಿದುಬಂದಿತು. ಜೋಡಿಯ ಕೆಳಅಂಚು ತಿಂಗಳುಗಟ್ಟಲೆ ಆ ನೀರಿನಲ್ಲೇ ಮುಳುಗಿದ್ದಿತು! ಮಳೆಯನ್ನು ತಡೆಯುವಂತೆ ಮಾಡಿದ ಅಂಟು ನಿಂತ ನೀರನ್ನು ಬಹುಕಾಲ ತಾಳುವುದಿಲ್ಲ.

ಹೀಗೆ ರೋಗ ತಿಳಿದ ಮೇಲೆ ಚಿಕಿತ್ಸೆ ಸರಳ. ಚೌಕಟ್ಟು ಗಟ್ಟಿಯಾಗಿದ್ದರೆ ಗೋಡೆ ಒಡೆಯುವ ಅಗತ್ಯವಿಲ್ಲ; ಬದಲಾಯಿಸಬೇಕಾದುದು ಗಾಜಿನ ಜೋಡಿಯನ್ನು ಮಾತ್ರ. ಗಾಜಿಗೆ ಸಣ್ಣ ತೂತು ಕೊರೆದು ಒಳಗಣ ತೇವವನ್ನು ಒಣಗಿಸುವ ಉಪಾಯವೊಂದುಂಟು. ನಮ್ಮ ಹವೆಯಲ್ಲಿ ಅದನ್ನು ನಾವು ಮೆಚ್ಚುವುದಿಲ್ಲ: ತೂತಿನಿಂದ ಮತ್ತೆ ಒಳಸೇರುವುದು ಇದೇ ಗಾಳಿಯಲ್ಲವೆ? ಮೇಲಾಗಿ, ಹದಗೊಳಿಸಿದ ಟಫನ್ಡ್ ಗಾಜಿಗೆ ಕೊರೆಯುವ ಮೊಳೆ ತಾಗಿದರೆ ಅದು ಹರಳುಹರಳಾಗಿ ಒಡೆದುಬೀಳುತ್ತದೆ. ಅದನ್ನು ಮನೆಯಲ್ಲಿ ಕತ್ತರಿಸುವಂತೆಯೂ ಇಲ್ಲ. ಆದಕಾರಣ ಅಳತೆ ತಪ್ಪಬಾರದು.

ಕೋಣೆಯ ಬದಿಯಲ್ಲಿ ಗಾಜನ್ನು ಒತ್ತಿಹಿಡಿದಿರುವ ಬೀಡಿಂಗ್ ಪಟ್ಟಿಗಳನ್ನು ಅಗಲವಾದ ಮೊಂಡ ಉಳಿಯಿಂದ, ಉದ್ದನೆಯದರ ನಡುಭಾಗದಿಂದ ಆರಂಭಿಸಿ, ಮೆಲ್ಲಗೆ ಎಬ್ಬಿಸಬೇಕು. ಮರಳಿ ಕೂಡಿಸುವಾಗ ಗೊಂದಲವಾಗದಂತೆ ಒಂದೊಂದಕ್ಕೂ ಗುರುತು ಹಾಕಿಡುವುದು ಲೇಸು. ಹಳೆಯ ಜೋಡಿಯ ಅಗಲ, ಎತ್ತರ, ಒಟ್ಟು ದಪ್ಪಗಳನ್ನು ಅಳೆದು ಬರೆದುಕೊಳ್ಳಬೇಕು. ಮಾಸ್ತರರದು 5 ಮಿಲಿಮೀಟರಿನ ಎರಡು ಗಾಜು, ನಡುವೆ 12ರ ಎಡೆ, ಒಟ್ಟು 22. ಚೌಕಟ್ಟಿನ ತೆರಪಿಗಿಂತ ಜೋಡಿಯು ಪ್ರತಿ ಬದಿಗೂ ಸುಮಾರು 5 ಮಿಲಿಮೀಟರ್ ಕಿರಿದಾಗಿರಬೇಕು. ಇಂಥ ಜೋಡಿ ಚದರ ಮೀಟರಿಗೆ 25 ಕಿಲೋಗ್ರಾಂ ತೂಗುತ್ತದೆ. ಎತ್ತಲು ಇಬ್ಬರು ಬೇಕು, ಕೈಗವಸು ಬೇಕು, ಮಹಡಿಯ ಕಿಟಕಿಯಾದರೆ ಕಸಬುದಾರರೇ ಬೇಕು.

ಹಳೆಯ ಗಾಜಿಗೆ ಶಾಖವನ್ನು ಪ್ರತಿಫಲಿಸುವ ಲೋಹದ ಲೇಪವಿತ್ತೇ ಎಂಬುದನ್ನೂ ತಿಳಿಯಬೇಕು. ರಾತ್ರಿ ಕಿಟಕಿಯ ಮುಂದೆ ಮೋಂಬತ್ತಿಯನ್ನು ಹಿಡಿದರೆ ನಾಲ್ಕು ಜ್ವಾಲೆಗಳು ಸಾಲಾಗಿ ಕಾಣುತ್ತವೆ, ನಾಲ್ಕು ಮೈಗಳಿಗೆ ನಾಲ್ಕು ಪ್ರತಿಬಿಂಬ. ಅವುಗಳಲ್ಲೊಂದರ ಬಣ್ಣ ಉಳಿದ ಮೂರಕ್ಕಿಂತ ಬೇರೆಯಾಗಿದ್ದರೆ ಲೇಪವಿರುವುದು ಆ ಮೈಯಲ್ಲಿ. ಬಿಸಿಲ ನಾಡಿನಲ್ಲಿ ಅದು ಹೊರಗಾಜಿನ ಒಳಮೈಯಲ್ಲಿರುವುದು ಯೋಗ್ಯ. ವಿದ್ಯಾರ್ಥಿಗಳು ಯಾವ ಜೋಡಿಗಾಜಿನ ಮುಂದಾದರೂ ಇದನ್ನು ಮಾಡಿ ನೋಡಬಹುದು.

ಹೊಸ ಜೋಡಿಯನ್ನು ಚೌಕಟ್ಟಿನ ಮೇಲೆ ನೇರವಾಗಿ ಕೂಡಿಸಬಾರದು. ಎರಡು ತುದಿಗಳಿಂದಲೂ ಅಗಲದ ಕಾಲುಭಾಗದಷ್ಟು ಒಳಕ್ಕೆ ಗಟ್ಟಿ ರಬ್ಬರಿನ ಎರಡು ತುಂಡುಗಳನ್ನಿಟ್ಟು ಅವುಗಳ ಮೇಲೆ ನಿಲ್ಲಿಸಬೇಕು. ನೀರು ಅಡಿಯಲ್ಲೇ ಹರಿದುಹೋಗುವುದು, ಅಂಚು ಒಣಗಿರುವುದು. ಅನಂತರ ಬೀಡಿಂಗ್ ಪಟ್ಟಿಗಳನ್ನು ಗುರುತಿನಂತೆ ಬಡಿದು ಕೂಡಿಸಿದರೆ ಕೆಲಸ ಮುಗಿಯಿತು. ಮಾಸ್ತರರು ತೂತುಗಳ ಬಾಯಿಗೆ ನುಣುಪಾದ ಲೋಹದ ಜಾಲರಿಯನ್ನು ಅಂಟಿಸಿದರು. ಕುಂಬಾರ ಹುಳುವಿಗೆ ಬೇರೆ ಮನೆ ಹುಡುಕಲು ಹೇಳಿದಂತಾಯಿತು.

ಇದನ್ನೆಲ್ಲ ಓದಿ, ಕರಾವಳಿಯ ಮನೆಮನೆಗೂ ಜೋಡಿಗಾಜು ಬೇಕೆಂದು ಯಾರೂ ತಿಳಿಯಬಾರದು. ತೆರೆದ ಕಿಟಕಿ, ಎತ್ತರದ ಹಂಚಿನ ಮಾಡು, ಅಗಲವಾದ ಸೂರು ಇರುವಲ್ಲಿ ಗಾಳಿಯಾಟವೇ ತಂಪು; ಅಲ್ಲಿ ಒಳಗಿನ ಉಷ್ಣತೆಯೂ ಹೊರಗಿನದೂ ಹೆಚ್ಚುಕಡಿಮೆ ಒಂದೇ ಆದ್ದರಿಂದ ಈ ಗಾಜಿಗೆ ತಡೆಯಲು ಶಾಖವೇ ಇರುವುದಿಲ್ಲ. ತಂಪುಯಂತ್ರವಿರುವ ಕೋಣೆಗೆ ಮಾತ್ರ ಅದರ ಖರ್ಚು ಸಾರ್ಥಕ. ಹೆದ್ದಾರಿಯ ಸದ್ದು ಕಾಡುವವರಿಗೂ ಒಂದಿಷ್ಟು ಉಪಯೋಗ.

ಯಾಣವನ್ನೂ ನೋಡಿದೆವು. 120 ಮೀಟರ್ ಎತ್ತರದ ಭೈರವೇಶ್ವರ ಶಿಖರದ ಕರಿಯ ಸುಣ್ಣಕಲ್ಲಿನ ಸಂದಿನಿಂದ ಗುಹೆಯೊಳಗಿನ ಲಿಂಗದ ಮೇಲೆ ನೀರು ಜಿನುಗುತ್ತಿತ್ತು. ಬಂಡೆಯಲ್ಲೇ ದಾರಿ ಕೊರೆದುಕೊಂಡ ನೀರಿನ ಮುಂದೆ ಕಿರುಬೆರಳಗಲದ ಅಂಟು ಆರು ವರ್ಷ ನಿಂತುದೇ ದೊಡ್ಡದೆಂದು ಮಾಸ್ತರರು ನಕ್ಕರು.

ತೆಗೆದ ಹಳೆಯ ಜೋಡಿಯ ಪಟ್ಟಿಯನ್ನು ಮನೆಗೆ ಮರಳಿ ಬಂದ ಮೇಲೆ ಮುರಿದು ನೋಡಿದೆವು. ಅದರೊಳಗಣ ಮಣಿಗಳನ್ನು ಒಂದು ಚಮಚದಷ್ಟು ಗಾಜಿನ ಬಟ್ಟಲಿಗೆ ಸುರಿದು ನೀರು ಹನಿಸಿದಾಗ ಏನೂ ಆಗಲಿಲ್ಲ. ಹೊಸ ಜೋಡಿಯೊಡನೆ ಮುಚ್ಚಿದ ಸೀಸೆಯಲ್ಲಿ ಕೇಳಿ ತರಿಸಿದ್ದ ಒಣಮಣಿಗಳಿಗೂ ಅಷ್ಟೇ ನೀರು ಹನಿಸಿದೆವು. ಚಟಚಟನೆ ಸದ್ದಾಗಿ, ಬಟ್ಟಲಿನ ಅಡಿ ಕೈಸೋಕಲಾಗದಷ್ಟು ಬಿಸಿಯಾಯಿತು.