ಮೊದಲು ಭಾಜೆ, ಆಮೇಲೆ ಕಾರ್ಲೆ

ಪುಣೆಯವರಿಗೆ ನಡಿಗೆ ಹೊಸದೇನಲ್ಲ. ಆಷಾಢ ಏಕಾದಶಿಗೆಂದು ಆಳಂದಿ, ದೇಹುಗಳಿಂದ ಪಾಲಖಿಗಳು ಪಂಢರಪುರಕ್ಕೆ ಹೊರಟಾಗ ಅರ್ಧ ಊರು ರಸ್ತೆಯಲ್ಲೇ ಇರುತ್ತದೆ. ಕಾಲೇಜು ಹುಡುಗರು ರಾತ್ರಿಯಿಡೀ ಗುಡ್ಡ ಹತ್ತಿಳಿದು ಕಾತ್ರಜ್‌ನಿಂದ ಸಿಂಹಗಡ ಮುಟ್ಟುತ್ತಾರೆ, ವಾರವೆಲ್ಲ ಅದನ್ನೇ ಹೇಳಿಕೊಂಡು ತಿರುಗುತ್ತಾರೆ. ನಾನು ನಮ್ಮ ಕನ್ನಡದವರನ್ನು ಕರೆದುಕೊಂಡು ಹೋಗುವ ದಾರಿಗೆ ಅಷ್ಟು ಭಕ್ತಿಯೂ ಬೇಡ, ಅಷ್ಟು ಕಸುವೂ ಬೇಡ. ಬೆಳಗಿನ ಲೋಣಾವಳ ಲೋಕಲ್ ಹಿಡಿದು ಮಳವಲಿಯಲ್ಲಿ ಇಳಿದರೆ ಸಾಕು. ಅಲ್ಲಿಂದ ಭಾಜೆ, ಮತ್ತೆ ಮಳವಲಿ, ಇಂದ್ರಾಯಣಿ ನದಿ ದಾಟಿ ಕಾರ್ಲೆ, ಕೊನೆಗೆ ವೇಹೇರಗಾಂವ್‌ನ ಗುಡ್ಡ.

ಹೊಸದಾಗಿ ಬಂದವರು ಮೊದಲು ಕೇಳುವುದು ಲೋಹಗಡದ ಬಗ್ಗೆ. 2025ರಲ್ಲಿ ಯುನೆಸ್ಕೋ ಮರಾಠಾ ಸೈನಿಕ ಭೂದೃಶ್ಯಗಳೆಂದು ಹನ್ನೆರಡು ಕೋಟೆಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತಲ್ಲ, ಅದರಲ್ಲಿ ಲೋಹಗಡವೂ ಒಂದು. ಭಾಜೆಯ ಹತ್ತಿರವೇ ನಿಂತಿದೆ. ಕೋಟೆ ಚೆನ್ನಾಗಿದೆ, ಇನ್ನೊಂದು ದಿನ ಬಿಡುವು ಮಾಡಿಕೊಂಡು ಹೋಗಿ ಎನ್ನುತ್ತೇನೆ. ಕೋಟೆ ಹತ್ತಿದವರಿಗೆ ಕಾರ್ಲೆಗೆ ಕಾಲು ಉಳಿಯುವುದಿಲ್ಲ. ಭಾಜೆ ನೋಡಿದ ದಿನವೇ ಕಾರ್ಲೆ ನೋಡದಿದ್ದರೆ ನನ್ನ ಮಟ್ಟಿಗೆ ಆ ನಡಿಗೆ ಅರ್ಧ.

ಯಾಕೆಂದರೆ ಈ ಎರಡು ಊರುಗಳ ನಡುವೆ ಒಂದು ಕಲೆ ಬೆಳೆದಿದೆ. ಭಾಜೆಯ ಚೈತ್ಯಗೃಹ, ಅಂದರೆ ಬಂಡೆಯಲ್ಲಿ ಕೊರೆದ ಬೌದ್ಧರ ಪೂಜಾಗೃಹ, ಕ್ರಿಸ್ತಪೂರ್ವ ಎರಡನೇ ಶತಮಾನದ್ದು. ಒಳಗೆ ನಿಂತು ಕಂಬಗಳನ್ನು ನೋಡಿ ಎನ್ನುತ್ತೇನೆ, ಬೇರೇನೂ ಹೇಳುವುದಿಲ್ಲ. ಸ್ವಲ್ಪ ಹೊತ್ತಿಗೆ ಯಾರಾದರೂ ಕೇಳುತ್ತಾರೆ: "ಅಕ್ಕಾರ, ಈ ಕಂಬ ಒಳಗ ವಾಲ್ಯಾವಲ್ರೀ?" ಹೌದು, ವಾಲಿವೆ. ಮರದ ಮನೆಯಲ್ಲಿ ಮಾಡಿನ ಭಾರ ತಡೆಯಲು ಕಂಬವನ್ನು ಒಳಮುಖವಾಗಿ ನಿಲ್ಲಿಸುವ ಪದ್ಧತಿಯಿತ್ತು. ಬಂಡೆ ಕೊರೆಯುವಾಗ ಆ ಭಾರದ ಪ್ರಶ್ನೆಯೇ ಇಲ್ಲ. ಆದರೂ ಬಡಗಿಯ ಕಣ್ಣಿನಲ್ಲೇ ಕಲ್ಲುಕುಟಿಗ ಕೊರೆದಿದ್ದಾನೆ. ಮುಂಭಾಗವನ್ನಂತೂ ಮರದಲ್ಲೇ ಕಟ್ಟಿದ್ದರು. ಅದು ಹೋಗಿದೆ, ತೊಲೆ ಸಿಕ್ಕಿಸಿದ ಗೂಡುಗಳು ಉಳಿದಿವೆ.

ಕಾರ್ಲೆಯದು ಸುಮಾರು ಕ್ರಿಸ್ತಶಕ ಒಂದನೇ ಶತಮಾನ. ಅಲ್ಲಿ ಕಂಬಗಳು ನೆಟ್ಟಗಾಗಿವೆ. ಬುಡದಲ್ಲಿ ಕುಂಭ, ತಲೆಯ ಮೇಲೆ ಆನೆಗಳು, ಆನೆಗಳ ಮೇಲೆ ಜೋಡಿಗಳು. ಮುಖಭಿತ್ತಿಯೂ ಕಲ್ಲೇ. 124 ಅಡಿ ಉದ್ದದ ಈ ಚೈತ್ಯ ದೇಶದಲ್ಲೇ ಅತಿ ದೊಡ್ಡದು. ಚಾವಣಿಯಲ್ಲಿ ಮಾತ್ರ ಆಗಿನ ಮರದ ಕಮಾನುಗಳು ಇವತ್ತಿಗೂ ಕೂತಿವೆ. ಬೆಳಿಗ್ಗೆ ಭಾಜೆಯಲ್ಲಿ ಕಂಡ ಆ ವಾಲಿಕೆ ಇನ್ನೂ ಕಣ್ಣಲ್ಲಿರುವಾಗಲೇ ಇಲ್ಲಿಗೆ ಬರಬೇಕು. ಗುಹೆಯ ಬಾಯಿ ಪಶ್ಚಿಮಕ್ಕಿರುವುದರಿಂದ ಮಧ್ಯಾಹ್ನ ಕಳೆದ ಮೇಲೆ ಬೆಳಕೂ ಒಳಗೆ ಬರುತ್ತದೆ.

ಇಷ್ಟು ದುಡ್ಡು ಈ ಗುಡ್ಡಗಾಡಿಗೆ ಎಲ್ಲಿಂದ ಬಂತು? ಸೋಪಾರ, ಕಲ್ಯಾಣ ಬಂದರುಗಳಿಂದ ಸರಕು ಬೋರ್ ಘಾಟ್ ಹತ್ತಿ ದಖ್ಖನ್ನಿಗೆ ಹೋಗುತ್ತಿದ್ದ ದಾರಿ ಇದು. ಕಾರ್ಲೆಯ ಕಂಬಗಳ ಮೇಲೆ ದಾನ ಕೊಟ್ಟ ಧೇನುಕಾಕಟ ಎಂಬ ಊರಿನ ಯವನರ ಹೆಸರುಗಳಿವೆ. ಅದೇ ಕಣಿವೆಯಲ್ಲಿ 1858ರಲ್ಲಿ ಪುಣೆ–ಖಂಡಾಲ ರೈಲು ಓಡಿತು, ಆಮೇಲೆ ಎಕ್ಸ್‌ಪ್ರೆಸ್‌ವೇ ಬಂತು. ಭಾಜೆಗೆ ಹೋಗುವಾಗ ಅದರ ಮೇಲಿನ ಸೇತುವೆಯನ್ನು ನಾವು ದಾಟುತ್ತೇವೆ, ಕೆಳಗೆ ಲಾರಿಗಳು ಈಗಲೂ ಮುಂಬೈ ಸರಕನ್ನೇ ಹೊತ್ತು ಬರುತ್ತಿರುತ್ತವೆ.

ನಾನು ಶಿರಸಿ ಕಡೆಯವಳು. ಕಾರ್ಲೆಯ ಮೊಗಸಾಲೆಯಲ್ಲಿರುವ ಒಂದು ಬ್ರಾಹ್ಮಿ ಶಾಸನದ ಮುಂದೆ ಎಲ್ಲರನ್ನೂ ನಿಲ್ಲಿಸದೆ ಬಿಡುವುದಿಲ್ಲ. ವೈಜಯಂತಿಯ ಶ್ರೇಷ್ಠಿ ಭೂತಪಾಲ ಈ ಶಿಲಾಗೃಹವನ್ನು ಮಾಡಿಸಿದ, ಇದು ಜಂಬೂದ್ವೀಪದಲ್ಲೇ ಉತ್ತಮವಾದದ್ದು ಎಂದು ಅದರ ತಾತ್ಪರ್ಯ. ವೈಜಯಂತಿ ಎಂದರೆ ನಮ್ಮ ಬನವಾಸಿ ಎಂಬುದು ಇತಿಹಾಸಕಾರರ ಸಾಮಾನ್ಯ ಅಭಿಪ್ರಾಯ. ಕದಂಬರು ಅದನ್ನು ರಾಜಧಾನಿ ಮಾಡಿಕೊಳ್ಳುವುದಕ್ಕೆ ಎಷ್ಟೋ ಮೊದಲೇ ಅಲ್ಲಿನ ಶೆಟ್ಟಿಯೊಬ್ಬ ಇಲ್ಲಿ ಹಣ ಸುರಿದು ತನ್ನ ಕೆಲಸವನ್ನು ತಾನೇ ಹೊಗಳಿಕೊಂಡಿದ್ದಾನೆ. ಹೊಗಳಿಕೊಂಡದ್ದು ಹೆಚ್ಚಾಯಿತೆಂದು ನನಗಂತೂ ಅನ್ನಿಸಿಲ್ಲ.

ಇನ್ನೊಂದು ಶಾಸನ ಕ್ಷತ್ರಪ ದೊರೆ ನಹಪಾನನ ಅಳಿಯ ಉಷವದಾತನದು. ಶಾಸನ ವಲೂರಕ ಎಂದು ಕರೆಯುವ ಈ ಗುಹೆಗಳಲ್ಲಿ ಮಳೆಗಾಲ ಕಳೆಯುವ ಭಿಕ್ಷುಗಳ ಪೋಷಣೆಗೆಂದು ಕರಜಿಕ ಎಂಬ ಹಳ್ಳಿಯನ್ನೇ ಬಿಟ್ಟುಕೊಟ್ಟ. ಮಳೆಗಾಲದಲ್ಲಿ ತಿರುಗಬಾರದು, ಒಂದೆಡೆ ಕೂರಬೇಕು ಎಂಬುದು ಭಿಕ್ಷುಗಳ ಕಟ್ಟಳೆ. ಈಗ ನೋಡಿ, ಇಡೀ ಪುಣೆ ಮಳೆಗಾಲದಲ್ಲೇ ಇಲ್ಲಿಗೆ ನುಗ್ಗುತ್ತದೆ! 2024ರ ಜೂನ್ 30ರಂದು ಲೋಣಾವಳದ ಭೂಶಿ ಅಣೆಕಟ್ಟಿನ ಹಿಂದಿನ ಹಳ್ಳದಲ್ಲಿ ಒಂದೇ ಕುಟುಂಬದ ಐವರು ಕೊಚ್ಚಿಹೋದರು. ಮರುವರ್ಷ ಜೂನ್ 15ರಂದು ಕುಂಡಮಳಾದಲ್ಲಿ ಇಂದ್ರಾಯಣಿಯ ಹಳೆಯ ಕಬ್ಬಿಣದ ಸೇತುವೆ ಜನರ ಭಾರಕ್ಕೆ ಕುಸಿದು ನಾಲ್ವರು ಸತ್ತರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಗುಂಪು ಕಟ್ಟುವುದಿಲ್ಲ. ಯಾರು ಎಷ್ಟೇ ಗೋಗರೆದರೂ.

ಮುಂದಾಳಿನ ಕೆಲಸದಲ್ಲಿ ಗುಟ್ಟೇನಿಲ್ಲ. ದಾರಿ ಬಲ್ಲ ಒಬ್ಬರು ಎಲ್ಲರ ಹಿಂದೆ ಇರಬೇಕು, ಅವರ ಕೈಯಲ್ಲಿ ಸೀಟಿ ಇರಬೇಕು. ಪ್ರತಿ ತಿರುವಿನಲ್ಲಿ ತಲೆ ಎಣಿಸಬೇಕು. ಸುಗಂಧ ಪೂಸಿಕೊಂಡು ಬಂದವರಿಗೆ ಮುಂಚೆಯೇ ಬೈಯಬೇಕು, ಬಂಡೆಗಳಲ್ಲಿ ಹೆಜ್ಜೇನಿರುತ್ತವೆ. ಗದ್ದೆಯ ಬದುವಿನ ಮೇಲೆ ಕಾಲಿಡುವ ಮುನ್ನ "ರಾಮ್ ರಾಮ್ ಮಾವಶಿ, ಇಕಡೂನ್ ಜಾವೂ ಕಾ?" ಎಂದು ಕೇಳಿದರೆ ಹೋಗಿ ಎನ್ನುತ್ತಾರೆ, ಕೆಲವೊಮ್ಮೆ ಚಹಾಕ್ಕೂ ಕೂರಿಸುತ್ತಾರೆ. ಊಟವನ್ನು ಹಳ್ಳಿಯ ಮನೆಯಲ್ಲೇ ಹಿಂದಿನ ದಿನ ಹೇಳಿಟ್ಟಿರುತ್ತೇನೆ: ಪಿಠಲ, ಭಾಕ್ರಿ, ಠೇಚಾ, ಈ ಮಾವಳ ಸೀಮೆಯ ಇಂದ್ರಾಯಣಿ ಅಕ್ಕಿಯ ಅನ್ನ. ದರದಲ್ಲಿ ಚೌಕಾಸಿ ಮಾಡುವವರನ್ನು ಮುಂದಿನ ಸಲ ಕರೆಯುವುದಿಲ್ಲ.

ಕಾರ್ಲೆಯ ಚೈತ್ಯದ ಎದುರಿಗೇ ಏಕವೀರಾ ದೇವಿಯ ಗುಡಿ. ಕೋಳಿ, ಆಗ್ರಿ ಜನರ ಕುಲದೇವತೆ ಅವಳು. ನವರಾತ್ರಿಯಲ್ಲೂ ಚೈತ್ರದ ಜಾತ್ರೆಯಲ್ಲೂ ಮೆಟ್ಟಿಲ ಮೇಲೆ ಕಾಲಿಡಲು ಜಾಗವಿರುವುದಿಲ್ಲ, ಆ ದಿನಗಳನ್ನು ಭಕ್ತರಿಗೆ ಬಿಟ್ಟುಬಿಡಿ. ನವೆಂಬರ್‌ನಿಂದ ಫೆಬ್ರುವರಿಯೊಳಗೆ ಬನ್ನಿ. ಮಧ್ಯಾಹ್ನ ಲೋಕಲ್‌ಗಳು ಕಡಿಮೆ, ಆದ್ದರಿಂದ ಬೆಳಗಿನದನ್ನು ತಪ್ಪಿಸಿಕೊಳ್ಳಬೇಡಿ. ಮಕ್ಕಳಿದ್ದರೆ ಕರೆತಂದು ಭೂತಪಾಲ ಶೆಟ್ಟಿಯ ಸಾಲು ತೋರಿಸಿ.