ಹಸಿ ಕಾಲಿಗೆ ಎಣ್ಣೆ

ವಿಜಯಪುರದಲ್ಲಿ ಚಳಿ ಬಂತೆಂದು ನನಗೆ ಮೊದಲು ತಿಳಿಸುವುದು ಹೊದೆಯುವ ಕೌದಿ. ರಾತ್ರಿ ಮಗ್ಗಲು ಬದಲಿಸುವಾಗ ಅದರ ದಾರ ಹಿಮ್ಮಡಿಯ ಬಿರುಕಿಗೆ ಸಿಕ್ಕು ಚರಕ್ಕನೆ ಎಳೆಯುತ್ತದೆ. ಮೂವತ್ತು ವರ್ಷ ಕರಿಹಲಗೆಯ ಮುಂದೆ ನಿಂತ ಕಾಲುಗಳಿವು.

ನಮ್ಮ ಕಡೆ ಚಳಿಗಿಂತ ಒಣಗಾಳಿಯ ಕಾಟವೇ ಹೆಚ್ಚು. ಮೈಯ ಪಸೆ ಬೇಗ ಆರಿಹೋಗುತ್ತದೆ. ಬೇರೆ ಕಡೆಯ ಚರ್ಮಕ್ಕೆ ತನ್ನದೇ ಜಿಡ್ಡು ಒಸರುವ ಗ್ರಂಥಿಗಳಿವೆ. ಅಂಗೈ, ಅಂಗಾಲಿಗೆ ಅವಿಲ್ಲ. ಬಿಸಿ ರೊಟ್ಟಿ ಹೇಗೆ ಬೇಕಾದರೂ ಮಡಚುತ್ತದೆ, ಖಡಕ್ ರೊಟ್ಟಿ ಮಡಚಲು ಹೋದರೆ ಚಟ್ಟನೆ ಮುರಿಯುತ್ತದೆ. ಒಣಗಿದ ಹಿಮ್ಮಡಿಯ ಮೇಲೆ ಮೈಭಾರ ಬಿದ್ದಾಗ ಆಗುವುದೂ ಅದೇ.

ನಾನು ಮಾಡುತ್ತಿದ್ದುದೆಲ್ಲ ಉಲ್ಟಾ. ಹಂಡೆಯ ಸುಡುನೀರು, ಕೈಗೆ ಸಿಕ್ಕರೆ ಬಟ್ಟೆ ಸೋಪು, ಮೇಲೆ ಒರಟು ಕಲ್ಲು. ಇದ್ದಬದ್ದ ಜಿಡ್ಡನ್ನೂ ತೊಳೆದು, ಒಂದು ಸಲ ರಕ್ತ ಬರುವ ತನಕ ಉಜ್ಜಿ, ವಾರವಿಡೀ ಕುಂಟುತ್ತಾ ಶಾಲೆಗೆ ಹೋಗಿದ್ದೆ. ಆಮೇಲೆ ಕಾಲು ಪೂರಾ ಒರೆಸಿ, ಒಣಗಿಸಿ, ಎಣ್ಣೆ! ಅತ್ತೆ ನೋಡಿ ಹೇಳಿದ್ದರು: "ಒಣಗಿದ ಕಾಲಿಗೆ ಎಣ್ಣಿ ಹಚ್ಚಿದ್ರ ಏನ್ ಬರ್ತದವಾ? ಹಸಿ ಇದ್ದಾಗನ ಹಚ್ಚು."

ಎಷ್ಟೋ ವರ್ಷದ ಮೇಲೆ ಚರ್ಮದ ಡಾಕ್ಟರೂ ಇದನ್ನೇ ಹೇಳಿದರು, ಫೀ ತಗೊಂಡು. ಎಣ್ಣೆ ಚರ್ಮಕ್ಕೆ ನೀರು ಕೊಡುವುದಿಲ್ಲ, ಇದ್ದ ನೀರು ಆರದಂತೆ ಮುಚ್ಚುತ್ತದೆ, ಅಷ್ಟೇ. ಹಾಗಾಗಿ ಉಗುರುಬೆಚ್ಚಗಿನ ನೀರಲ್ಲಿ ಹತ್ತು ನಿಮಿಷ ಕಾಲಿಟ್ಟು, ಮೆಲ್ಲಗೆ ಒತ್ತಿ ಒರೆಸಿ, ಪಸೆ ಇರುವಾಗಲೇ ಹಚ್ಚಬೇಕು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ನಮ್ಮನೆ ಬಾಟಲಿ ಜನವರಿಯಲ್ಲಿ ಕಟ್ಟೆಯ ಬಿಸಿಲಲ್ಲೇ ಕೂತಿರುತ್ತದೆ. ಹಿಮ್ಮಡಿಗೆ ಅದಕ್ಕಿಂತ ವ್ಯಾಸಲೀನ್ ಮೇಲು, ದಪ್ಪಗೆ ಕೂಡುತ್ತದೆ. ಹಚ್ಚಿ, ಹಳೇ ಕಾಟನ್ ಸಾಕ್ಸ್ ಹಾಕಿ ಮಲಗುವುದು. ಚರ್ಮ ತೀರಾ ಗಟ್ಟಿಯಾಗಿದ್ದರೆ ಯೂರಿಯಾ ಇರುವ ಕ್ರೀಮು. ಹೌದು, ಹೊಲಕ್ಕೆ ಹಾಕುವ ಯೂರಿಯಾನೇ, ಆದರೆ ಔಷಧಿ ಅಂಗಡಿಯದು. ಚೀಲಕ್ಕೆ ಕೈ ಹಾಕಬೇಡಿ.

ಸಂಕ್ರಾಂತಿಗೆ ಎಳ್ಳು, ಅರಿಶಿನ ಅರೆದು ಮೈಗೆ ಹಚ್ಚಿ ಸ್ನಾನ ಮಾಡುವ ಪದ್ಧತಿ ನಮ್ಮಲ್ಲಿದೆ. ಎಳ್ಳಿನ ತೂಕದಲ್ಲಿ ಸುಮಾರು ಅರ್ಧ ಎಣ್ಣೆಯೇ. ಒಂದು ದಿನದ ಎಳ್ಳಿಗೆ ಮೂರು ತಿಂಗಳ ಚಳಿ ಹೆದರೀತೇ ಅನ್ನುವುದು ಬೇರೆ ಮಾತು.

ನಮ್ಮ ಮನೆಯವರಿಗೆ ಶುಗರ್ ಇದೆ. ಅಂಥವರ ಪಾದಕ್ಕೆ ಸ್ಪರ್ಶ ತಿಳಿಯುವುದು ಕಡಿಮೆಯಾಗಿರಬಹುದು. ಬಿರುಕು ಬಿಟ್ಟು ಕೀವು ತುಂಬಿದರೂ ನೋವು ಗೊತ್ತಾಗದೆ ಹೋದೀತು. ಅದಕ್ಕೇ ದಿನಾ ರಾತ್ರಿ ಅವರ ಅಂಗಾಲನ್ನು ಮೊಬೈಲ್ ಟಾರ್ಚ್ ಹಿಡಿದು ನೋಡುತ್ತೇನೆ. ಬೆರಳ ಸಂದಿಗೆ ಮಾತ್ರ ಏನೂ ಹಚ್ಚುವುದಿಲ್ಲ, ಅಲ್ಲಿ ಪಸೆ ನಿಂತರೆ ಫಂಗಸ್ ಬರುತ್ತದೆ.

"ಇನ್ನೂ ಎಷ್ಟು ಪೇಪರ್ ತಿದ್ದೋದು ಅದಾವ, ಟೀಚರ್?" ಅನ್ನುತ್ತಾರೆ ಅವರು, ಇನ್ನೊಂದು ಕಾಲು ಚಾಚುತ್ತಾ.