ದುಬಾರಿ ರಾತ್ರಿಗಳ ಲೆಕ್ಕ

ಉದಯಪುರದ ಪಿಚೋಲಾ ಸರೋವರದ ನಡುವೆ ನಿಂತಿರುವ ಲೇಕ್ ಪ್ಯಾಲೇಸ್‌ನಲ್ಲಿ ಡಿಸೆಂಬರ್‌ನ ಒಂದು ರಾತ್ರಿ ಕಳೆಯಲು ಅರ್ಧ ಲಕ್ಷ ರೂಪಾಯಿ ಸಾಲದು. ಅಷ್ಟೇ ಹಣದಲ್ಲಿ ಆಲಪ್ಪುಳದ ಹಿನ್ನೀರಿನಲ್ಲಿ ಎಸಿ ಕೋಣೆ, ಅಡುಗೆಯವ, ದೋಣಿ ನಡೆಸುವವ ಎಲ್ಲ ಇರುವ ಒಳ್ಳೆಯ ಹೌಸ್‌ಬೋಟನ್ನು ಮೂರು ರಾತ್ರಿಗೆ ಇಡಿಯಾಗಿ ಗೊತ್ತುಮಾಡಿಕೊಳ್ಳಬಹುದು. ಎರಡೂ ಕಡೆ ಕಿಟಕಿ ತೆರೆದರೆ ನೀರು, ಎರಡೂ ಕಡೆ ಮೆತ್ತನೆಯ ಹಾಸಿಗೆ, ಕರೆದರೆ ಓಡಿಬರುವ ಆಳು. ಹಾಗಾದರೆ ಈ ಅಂತರ ಎಲ್ಲಿಂದ ಬಂತು? ಐಷಾರಾಮಿ ಪ್ರವಾಸವೆಂದರೆ ಹೆಚ್ಚು ಸೌಕರ್ಯಕ್ಕೆ ಹೆಚ್ಚು ಹಣ ಎಂದು ನಾವು ತಿಳಿದಿರುತ್ತೇವೆ. ಆದರೆ ಒಳ್ಳೆಯ ಹಾಸಿಗೆ, ಬಿಸಿನೀರು, ನುರಿತ ಬಾಣಸಿಗನ ಸಂಬಳ ಇವು ದೇಶದ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಐದು ಪಟ್ಟು ಹತ್ತು ಪಟ್ಟು ಏರುವಂಥವಲ್ಲ. ಬಿಲ್ಲನ್ನು ಏರಿಸುವುದು ಬೇರೆ ನಾಲ್ಕು ಸಂಗತಿಗಳು: ಜಾಗದ ಅಪರೂಪ, ಊರಿನ ದೂರ, ಕಾನೂನಿನ ಮಿತಿ ಮತ್ತು ನಾವು ಹೋಗುವ ತಿಂಗಳು. ಮೊದಲ ಮೂರನ್ನು ಪ್ರವಾಸಿ ಬದಲಿಸಲಾರ. ನಾಲ್ಕನೆಯದು ಅವನ ಕೈಯಲ್ಲೇ ಇದೆ. ಎಲ್ಲಿಗೆ ಹೋಗಬೇಕೆಂದು ತಿಂಗಳುಗಟ್ಟಲೆ ಚರ್ಚಿಸುವ ಮನೆಗಳಲ್ಲಿ ಯಾವಾಗ ಹೋಗಬೇಕೆಂಬ ಪ್ರಶ್ನೆಗೆ ಮಕ್ಕಳ ರಜೆಯೊಂದೇ ಉತ್ತರವಾಗಿಬಿಡುವುದು ದುಬಾರಿ ಅಭ್ಯಾಸ.

ಅಪರೂಪದ ಬೆಲೆ ಏನೆಂದು ತಿಳಿಯಲು ರಾಜಸ್ಥಾನವನ್ನು ನೋಡಬೇಕು. ಲೇಕ್ ಪ್ಯಾಲೇಸ್ ಎಂದು ಇಂದು ಕರೆಯುವ ಜಗ್ ನಿವಾಸವನ್ನು ಮೇವಾಡದ ಎರಡನೇ ಜಗತ್ ಸಿಂಹ ಕಟ್ಟಿಸಿದ್ದು 1740ರ ದಶಕದಲ್ಲಿ. ಜೈಪುರದ ರಾಂಬಾಗ್ ಅರಮನೆ 1957ರಲ್ಲೇ ಹೋಟೆಲಾಯಿತು. 1971ರಲ್ಲಿ ಮಾಜಿ ಅರಸರ ರಾಜಧನ ರದ್ದಾದ ಮೇಲೆ ಅರಮನೆಯ ಮಾಡು ಸೋರದಂತೆ ನೋಡಿಕೊಳ್ಳುವುದೇ ಹಲವು ಮನೆತನಗಳಿಗೆ ಭಾರವಾಗಿ, ಅತಿಥಿಗಳಿಗೆ ಬಾಗಿಲು ತೆರೆಯುವುದು ಬದುಕುವ ದಾರಿಯಾಯಿತು. ಜೋಧಪುರದ ಉಮೈದ್ ಭವನದ ಕಥೆ ಇನ್ನೂ ವಿಚಿತ್ರ. ಬರದಿಂದ ಕಂಗೆಟ್ಟ ಜನರಿಗೆ ಕೂಲಿ ಸಿಗಲೆಂದು 1929ರಲ್ಲಿ ಕೆಲಸ ಶುರುವಾಗಿ 1943ರಲ್ಲಿ ಮುಗಿದ ಕಟ್ಟಡ ಇಂದು ದೇಶದ ಅತಿ ದುಬಾರಿ ಹೋಟೆಲುಗಳಲ್ಲೊಂದು. ಅದರ ಒಂದು ಭಾಗದಲ್ಲಿ ರಾಜಮನೆತನ ಈಗಲೂ ವಾಸವಾಗಿದೆ. ಹಣವಿದ್ದವರು ಹೊಸ ಹೋಟೆಲನ್ನು ಎಷ್ಟು ಬೇಕಾದರೂ ಕಟ್ಟಬಹುದು, ಹದಿನೆಂಟನೇ ಶತಮಾನದ ಅರಮನೆಯನ್ನು ಮಾತ್ರ ಯಾರೂ ಹೊಸದಾಗಿ ಕಟ್ಟಲಾರರು. ಇರುವ ಕೆಲವೇ ಕೋಣೆಗಳಿಗೆ ನವೆಂಬರ್‌ನಿಂದ ಫೆಬ್ರವರಿಯವರೆಗೆ ವಿದೇಶಿ ಪ್ರವಾಸಿಗರೂ ಶ್ರೀಮಂತರ ಮದುವೆ ದಿಬ್ಬಣಗಳೂ ಒಟ್ಟಿಗೆ ಮುಗಿಬೀಳುತ್ತವೆ. ಅಲ್ಲಿ ತೆರುವ ಹಣದ ದೊಡ್ಡ ಪಾಲು ಇತಿಹಾಸದ ಬಾಡಿಗೆ.

ಲಡಾಖಿನಲ್ಲಿ ದೂರಕ್ಕೆ ಬೆಲೆ. ಲೇಹ್ ಪಟ್ಟಣ ಸಮುದ್ರಮಟ್ಟದಿಂದ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಹಿಮ ಬಿದ್ದರೆ ಮನಾಲಿ ಕಡೆಯ ದಾರಿ ತಿಂಗಳುಗಟ್ಟಲೆ ಮುಚ್ಚುತ್ತದೆ. ಐಷಾರಾಮಿ ಡೇರೆಗಳು ತೆರೆದಿರುವುದು ಮೇ ತಿಂಗಳಿನಿಂದ ಸೆಪ್ಟೆಂಬರ್ ಕೊನೆಯವರೆಗೆ ಮಾತ್ರ. ಒಂದು ಕೋಣೆಯ ವರ್ಷದ ಖರ್ಚು 12 ಲಕ್ಷ ರೂಪಾಯಿ ಎಂದು ಹಿಡಿಯೋಣ. ಅದು ವರ್ಷಕ್ಕೆ 240 ರಾತ್ರಿ ತುಂಬುವ ಊರಾದರೆ ರಾತ್ರಿಗೆ 5,000 ರೂಪಾಯಿಗೆ ಅಸಲು ಹುಟ್ಟುತ್ತದೆ. 100 ರಾತ್ರಿ ಮಾತ್ರ ತುಂಬುವ ಊರಾದರೆ 12,000 ಬೇಕು. ಕೋಣೆ ಅದೇ, ಹಾಸಿಗೆ ಅದೇ. ಇದರ ಮೇಲೆ ಮೊದಲ ಎರಡು ದಿನ ಎತ್ತರದ ತೆಳುಗಾಳಿಗೆ ದೇಹ ಒಗ್ಗಲೆಂದು ಸುಮ್ಮನೆ ಮಲಗಿರಬೇಕು. ಪ್ಯಾಂಗಾಂಗ್ ಸರೋವರ ಕಣ್ಣಿಗೆ ಬೀಳುವ ಮುಂಚೆಯೇ ಎರಡು ರಾತ್ರಿಯ ಬಾಡಿಗೆ ಏರಿರುತ್ತದೆ. ಅಂಡಮಾನಿನ ಸ್ವರಾಜ್ ದ್ವೀಪದ ಲೆಕ್ಕವೂ ಹೀಗೆಯೇ. ಚೆನ್ನೈಯಿಂದ ಸಾವಿರ ಕಿಲೋಮೀಟರಿಗೂ ಹೆಚ್ಚು ವಿಮಾನ, ಅಲ್ಲಿಂದ ಹಡಗು. ಅತಿಥಿಯ ಜೊತೆಗೆ ಅವನ ಊಟದ ಸಾಮಾನಿನ ಬಹುಪಾಲೂ ಕಡಲು ದಾಟಿ ಬರಬೇಕು.

ಕಾಡಿನಲ್ಲಿ ದರ ನಿರ್ಧರಿಸುವುದು ಕಾನೂನು. 2012ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಹುಲಿ ಸಂರಕ್ಷಿತ ಪ್ರದೇಶಗಳ ಒಳಕಾಡಿನಲ್ಲಿ ಪ್ರವಾಸೋದ್ಯಮವನ್ನೇ ತಾತ್ಕಾಲಿಕವಾಗಿ ತಡೆದಿತ್ತು. ಅಕ್ಟೋಬರ್‌ನಲ್ಲಿ ತಡೆ ತೆರವಾದಾಗ ಜೊತೆಗೆ ಬಂದ ಮಾರ್ಗಸೂಚಿ, ಒಳಕಾಡಿನ ಶೇ. 20ಕ್ಕಿಂತ ಹೆಚ್ಚು ಭಾಗವನ್ನು ಪ್ರವಾಸಿಗರಿಗೆ ತೆರೆಯಬಾರದು ಎಂದಿತು. ವಾಹನಗಳ ಸಂಖ್ಯೆಗೂ ಮಿತಿಯಿದೆ. ಕಬಿನಿಯ ದಂಡೆಯಲ್ಲಿ ಎಷ್ಟೇ ರೆಸಾರ್ಟುಗಳು ತಲೆಯೆತ್ತಿದರೂ ಸಫಾರಿ ಸೀಟುಗಳು ಅದಕ್ಕೆ ತಕ್ಕಂತೆ ಹೆಚ್ಚುವುದಿಲ್ಲ. 1980ರಲ್ಲಿ ಆರಂಭವಾದ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ವಾಸ, ಊಟ, ಸಫಾರಿ ಸೇರಿಸಿ ತಲಾ ಲೆಕ್ಕದಲ್ಲಿ ದರ ಹೇಳುತ್ತದೆ. ಕೋಣೆಗೆ ಮಾತ್ರ ದರ ಹೇಳುವ ಖಾಸಗಿ ರೆಸಾರ್ಟಿಗೂ ಇದಕ್ಕೂ ನೇರ ಹೋಲಿಕೆ ಮಾಡಿದರೆ ಲೆಕ್ಕ ತಪ್ಪುತ್ತದೆ. 2025ರ ನವೆಂಬರ್‌ನಲ್ಲಿ ಹುಲಿ ದಾಳಿಗೆ ರೈತರು ಬಲಿಯಾದಾಗ ಸರ್ಕಾರ ನಾಗರಹೊಳೆ, ಬಂಡೀಪುರಗಳ ಸಫಾರಿಯನ್ನೇ ನಿಲ್ಲಿಸಿತು. ರೆಸಾರ್ಟಿನವರು ಮಾರುವ ಮುಖ್ಯ ಸರಕು ಅವರ ಸ್ವಂತದ್ದಲ್ಲ ಎಂಬುದು ಆಗ ಬಯಲಾಯಿತು. ಕರಾವಳಿಯಲ್ಲೂ 1991ರಿಂದ ಜಾರಿಯಲ್ಲಿರುವ ನಿಯಂತ್ರಣ ವಲಯದ ನಿಯಮಗಳು ಅಲೆಗೆ ಅಂಟಿಕೊಂಡು ಕಟ್ಟಲು ಬಿಡುವುದಿಲ್ಲ. ಕಡಲಿಗೆ ಹತ್ತಿರದ ಹಳೆಯ ಕಟ್ಟಡಗಳ ಬೆಲೆ ಏರಿರುವುದಕ್ಕೆ ಇದೂ ಒಂದು ಕಾರಣ.

ಈಗ ತಿಂಗಳಿನ ಮಾತು. ಗಾಳಿ ಬಂದಾಗ ತೂರಿಕೊಳ್ಳುವುದು ಹೋಟೆಲಿನವರ ಧರ್ಮ. ಗಾಳಿ ಬಿದ್ದಾಗ ಹೋಗುವುದು ಪ್ರವಾಸಿಯ ಜಾಣತನ. ಕೇರಳ ಇದನ್ನು ಮೊದಲೇ ಅರಿತು ಮಳೆಗಾಲವನ್ನೇ ಮಾರಲು ಕಲಿತಿದೆ. ನಮ್ಮ ತುಳುನಾಡಿನಲ್ಲಿ ಆಟಿ ಎನ್ನುವ ತಿಂಗಳು ಅಲ್ಲಿ ಕರ್ಕಾಟಕ, ಆಯುರ್ವೇದ ಚಿಕಿತ್ಸೆಗೆ ಪ್ರಶಸ್ತವೆಂದು ಬಹುಕಾಲದಿಂದ ನಂಬಿದ ಕಾಲ. ಹಿನ್ನೀರಿನ ದೋಣಿಗಳ ದರ ಇಳಿಯುವುದೂ ಆಗಲೇ. ಇಲ್ಲಿ ತೆರಿಗೆಯ ಒಂದು ಗುಟ್ಟೂ ಸೇರಿಕೊಳ್ಳುತ್ತದೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ಜಿಎಸ್‌ಟಿ ಶೇ. 5, ಅದನ್ನು ದಾಟಿದರೆ ಶೇ. 18. ತೆರಿಗೆ ಬೀಳುವುದು ಆ ದಿನ ನಿಜವಾಗಿ ವಸೂಲಿ ಮಾಡಿದ ದರದ ಮೇಲೆ. ಮಳೆಗಾಲದಲ್ಲಿ 7,000 ರೂಪಾಯಿಗೆ ಸಿಗುವ ಕೋಣೆಗೆ ಒಟ್ಟು ಕೊಡುವುದು 7,350. ಅದೇ ಕೋಣೆ ಡಿಸೆಂಬರ್‌ನಲ್ಲಿ 14,000 ಆದರೆ ಬಿಲ್ಲು 16,520. ದರ ಎರಡು ಪಟ್ಟಾದರೆ ಖರ್ಚು ಎರಡೂಕಾಲು ಪಟ್ಟು. 7,500ರ ಕೋಣೆಗೂ 8,000ದ ಕೋಣೆಗೂ ಫಲಕದಲ್ಲಿ ಕಾಣುವ ವ್ಯತ್ಯಾಸ 500 ರೂಪಾಯಿ, ಜೇಬಿಗೆ ತಟ್ಟುವುದು 1,565.

ಇದೆಲ್ಲ ಸಬೂಬು, ದೊಡ್ಡ ಹೋಟೆಲುಗಳು ಹೆಸರಿನ ಬಲದಿಂದ ಸುಲಿಯುತ್ತವೆ ಅಷ್ಟೇ ಎಂದು ವಾದಿಸುವವರಿದ್ದಾರೆ. ಹೆಸರಿಗೆ ಬೆಲೆ ಇಲ್ಲವೆಂದಲ್ಲ. ಆದರೆ ಒಂದೇ ಹೆಸರಿನ ಹೋಟೆಲು ಎರಡು ಊರುಗಳಲ್ಲಿ ಎರಡು ದರ ಕೇಳುವುದನ್ನು ಹೆಸರು ವಿವರಿಸಲಾರದು. ಬೆಂಗಳೂರಿನ ಪಂಚತಾರಾ ಹೋಟೆಲುಗಳು ಕಂಪನಿ ಕೆಲಸದ ಮೇಲೆ ಬರುವವರಿಂದ ವಾರದ ನಡುವೆ ತುಂಬಿ ಶನಿವಾರ ಭಾನುವಾರ ಸಡಿಲವಾಗುತ್ತವೆ; ಕೊಡಗಿನ ರೆಸಾರ್ಟುಗಳಲ್ಲಿ ಇದು ತಿರುವುಮುರುವು. ಬೆಲೆ ಏರಿಸಿದ ಮಾತ್ರಕ್ಕೆ ಲಾಭವೂ ಖಾತ್ರಿಯಲ್ಲ. 2008ರಲ್ಲಿ ಹೊರಟ ನಮ್ಮ ಗೋಲ್ಡನ್ ಚಾರಿಯಟ್ ರೈಲು ನಡುವೆ ವರ್ಷಗಟ್ಟಲೆ ನಿಂತು 2024ರ ಡಿಸೆಂಬರ್‌ನಲ್ಲಿ ಮತ್ತೆ ಹಳಿಗೆ ಬಂತು. ಬಂಡೀಪುರ, ಮೈಸೂರು, ಹಂಪಿ ಸುತ್ತಿ ಗೋವಾ ಮುಟ್ಟುವ ಆರು ದಿನಗಳ ಪಯಣಕ್ಕೆ ತಲಾ ಸುಮಾರು 4 ಲಕ್ಷ ರೂಪಾಯಿ. ಗೋವಾಕ್ಕಿಂತ ಥಾಯ್ಲೆಂಡೇ ಅಗ್ಗ ಎಂಬ ಇನ್ನೊಂದು ಮಾತಿನಲ್ಲಿ ಸ್ವಲ್ಪ ಸತ್ಯವಿದೆ, ಅಲ್ಲಿನ ಮೌಲ್ಯವರ್ಧಿತ ತೆರಿಗೆ ಶೇ. 7 ಮಾತ್ರ. ಆದರೆ ಹಾಗೆ ಹೋಲಿಸುವವರು ಸಾಮಾನ್ಯವಾಗಿ ಮುಂದಿಡುವುದು ಗೋವಾದ ವರ್ಷಾಂತ್ಯದ ವಾರವನ್ನು.

ಹೆಚ್ಚು ತೂಕದ ಆಕ್ಷೇಪ ಬೇರೆಯೇ ಇದೆ. ಸೀಸನ್ ಬಿಟ್ಟು ಹೋದರೆ ನೋಡಬೇಕಾದ್ದೇ ಕಾಣುವುದಿಲ್ಲವಲ್ಲ? ಕೆಲವೆಡೆ ಇದು ನಿಜ. ಮಧ್ಯ ಭಾರತದ ಹುಲಿಕಾಡುಗಳ ಒಳಭಾಗ ಜುಲೈಯಿಂದ ಸೆಪ್ಟೆಂಬರ್‌ವರೆಗೆ ಮುಚ್ಚಿರುತ್ತದೆ. ಕಬಿನಿಯ ಹಿನ್ನೀರು ಇಳಿದು ಹಸಿರು ಹುಲ್ಲು ಮೇಲೆದ್ದಾಗ ಆನೆಗಳ ಹಿಂಡು ಸೇರುವುದು ಬಿರುಬೇಸಿಗೆಯಲ್ಲೇ, ಆಗ ಅಲ್ಲಿ ರಿಯಾಯಿತಿಯ ಮಾತೇ ಇಲ್ಲ. ಹೀಗಾಗಿ ಎಲ್ಲ ಊರಿಗೂ ಒಂದೇ ಸೂತ್ರ ಹೊಂದದು. ಆದರೆ ಸೀಸನ್ನಿನ ಎರಡು ಅಂಚುಗಳಲ್ಲಿ ಕೆಲವು ವಾರಗಳಿರುತ್ತವೆ, ನೋಟ ಪೂರ್ತಿ ಇದ್ದು ದರ ಅರ್ಧಂಬರ್ಧ ಇರುವಂಥವು. ಮಳೆ ಮುಗಿದ ಸೆಪ್ಟೆಂಬರ್‌ನಲ್ಲಿ ಉದಯಪುರದ ಕೆರೆಗಳು ತುಂಬಿರುತ್ತವೆ, ಮದುವೆಗಳು ಇನ್ನೂ ಶುರುವಾಗಿರುವುದಿಲ್ಲ. ಸೆಪ್ಟೆಂಬರ್ ಕೊನೆಯ ಲಡಾಖಿನಲ್ಲಿ ಆಕಾಶ ತಿಳಿಯಾಗಿರುತ್ತದೆ, ಗುಂಪು ಇಳಿದಿರುತ್ತದೆ. ಮಕ್ಕಳ ಶಾಲೆಯ ಹಂಗಿರುವವರಿಗೂ ದಸರಾ ರಜೆಯ ಮೊದಲ ದಿನಗಳು ಕ್ರಿಸ್‌ಮಸ್ ವಾರಕ್ಕಿಂತ ಬಹುತೇಕ ಕಡೆ ಹಗುರ.

ಬೆಳ್ಳಿಹಬ್ಬಕ್ಕೋ ತಂದೆತಾಯಿಯ ಷಷ್ಟ್ಯಬ್ದಿಗೋ ಜೀವನದಲ್ಲೊಮ್ಮೆ ಇಂಥ ಪ್ರವಾಸ ಮಾಡಬಯಸುವ ಮಧ್ಯಮ ವರ್ಗದವರು ಕೋಣೆ ಕಾದಿರಿಸುವ ಮುನ್ನ ಮೂರು ಪ್ರಶ್ನೆ ಕೇಳಲಿ: ಇದೇ ಕೋಣೆಗೆ ಒಂದು ತಿಂಗಳು ಹಿಂದೆ ಮುಂದೆ ಎಷ್ಟು? ಊಟ, ಸಫಾರಿ, ದೋಣಿ ಈ ದರದಲ್ಲಿ ಸೇರಿವೆಯೇ? ತೆರಿಗೆ ಸೇರಿ ಒಟ್ಟು ಎಷ್ಟು? ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು. ಹೋಟೆಲಿನಲ್ಲಿ ಹಾಸಿಗೆಯ ಅಳತೆ ವರ್ಷವಿಡೀ ಒಂದೇ, ಅದರ ಬೆಲೆ ಮಾತ್ರ ತಿಂಗಳಿಂದ ತಿಂಗಳಿಗೆ ಬೇರೆ.